ಮಾತಿನ ಸ್ವಾತಂತ್ರ್ಯ, ಮಾತಿನ ಭಾರ: ಜನಾಂಗಭೇದದ ಚರ್ಚೆಯಲ್ಲಿ ಅಧಿಕಾರದ ಪ್ರಶ್ನೆ

ವಾಕ್ ಸ್ವಾತಂತ್ರ್ಯವನ್ನು ಕುರಿತ ಆಧುನಿಕ ಚಿಂತನೆಯು ಬಹುಮಟ್ಟಿಗೆ ಎರಡು ಪಕ್ಷಗಳನ್ನು ಎದುರುಬದುರಾಗಿ ನಿಲ್ಲಿಸಿಕೊಂಡು ಬೆಳೆದಿದೆ. ಒಂದು ಕಡೆ ಮಾತನಾಡುವ ವ್ಯಕ್ತಿ. ಇನ್ನೊಂದು ಕಡೆ ಆ ವ್ಯಕ್ತಿಯ ಬಾಯಿ ಮುಚ್ಚಿಸಬಲ್ಲ ಪ್ರಭುತ್ವ. ಈ ಚೌಕಟ್ಟಿನಲ್ಲಿ ಸ್ವಾತಂತ್ರ್ಯವೆಂದರೆ ಪ್ರಭುತ್ವವು ಮಾತಿಗೆ ಅಡ್ಡಬಾರದಿರುವುದು ಎಂದಷ್ಟೇ ಅರ್ಥ. ಜನಾಂಗಭೇದ ಮತ್ತು ಜಾತಿಭೇದಗಳ ಸಂದರ್ಭದಲ್ಲಿ ಈ ಚೌಕಟ್ಟು ಸಾಲುವುದಿಲ್ಲ. ಅಲ್ಲಿ ಮೂರನೆಯ ಶಕ್ತಿಯೊಂದು ಕೆಲಸ ಮಾಡುತ್ತಿರುತ್ತದೆ. ಅದು ಸಮಾಜ. ಯಾವ ಕಾನೂನನ್ನೂ ಮಾಡದೆ, ಯಾವ ಆದೇಶವನ್ನೂ ಹೊರಡಿಸದೆ ಸಮಾಜವು ಕೆಲವರ ಮಾತಿಗೆ ಹೆಚ್ಚು ಬೆಲೆಯನ್ನೂ ಕೆಲವರ ಮಾತಿಗೆ ಹೆಚ್ಚು ದಂಡವನ್ನೂ ವಿಧಿಸುತ್ತದೆ. ಆದುದರಿಂದ ನಿಂದೆಯ ಮಾತನ್ನು ನಿಷೇಧಿಸಬೇಕೇ ಬೇಡವೇ ಎಂಬ ಪರಿಚಿತ ಪ್ರಶ್ನೆಗಿಂತ ಮೊದಲು, ಉತ್ತರ ಹೇಳುವವನು ತೆರಬೇಕಾದ ಬೆಲೆ ಏನು ಎಂಬ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಈ ದೃಷ್ಟಿಯಿಂದ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ನಡೆದ ವಾಗ್ವಾದವನ್ನು ಪರಿಶೀಲಿಸಿ, ಭಾರತದ ಜಾತಿ ಸಂದರ್ಭದಲ್ಲಿ ಅದು ಪಡೆದುಕೊಳ್ಳುವ ರೂಪವನ್ನು ಗುರುತಿಸಿ, ಕನ್ನಡ ಅಧ್ಯಯನಕ್ಕೆ ಅದರಿಂದ ಒದಗುವ ಕೆಲವು ಹೊಣೆಗಳನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೧. ಮಾತಿಗೆ ಮಾತೇ ಮದ್ದು ಎಂಬ ನಿಲುವು

ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ 'ಆನ್ ಲಿಬರ್ಟಿ' ಕೃತಿಯು ಈ ವಿಷಯದ ಮೂಲ ಆಕರಗಳಲ್ಲಿ ಒಂದು. ತಪ್ಪು ಅಭಿಪ್ರಾಯವನ್ನು ಅಡಗಿಸಿದರೆ ಸರಿಯಾದ ಅಭಿಪ್ರಾಯವು ತನ್ನ ಆಧಾರಗಳನ್ನು ಮರೆತು ಜಡವಾಗುತ್ತದೆ ಎಂಬುದು ಮಿಲ್‌ನ ವಾದ. ಅದೇ ಕೃತಿಯಲ್ಲಿ ಆತ ಪ್ರಭುತ್ವದ ದಬ್ಬಾಳಿಕೆಯಷ್ಟೇ ಬಹುಮತದ ಸಾಮಾಜಿಕ ದಬ್ಬಾಳಿಕೆಯೂ ಭಯಂಕರವೆಂದು ಎಚ್ಚರಿಸಿದ್ದಾನೆ. ಮುಂದಿನ ಕಾನೂನು ಚಿಂತನೆಯು ಮೊದಲ ವಾದವನ್ನು ಎತ್ತಿಕೊಂಡು ಎರಡನೆಯ ಎಚ್ಚರಿಕೆಯನ್ನು ಬದಿಗೆ ಸರಿಸಿತೆಂಬುದು ಗಮನಾರ್ಹ.

1919ರ ಅಬ್ರಾಮ್ಸ್ ಪ್ರಕರಣದ ಭಿನ್ನಮತದಲ್ಲಿ ಅಮೆರಿಕದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ವಿಚಾರಗಳ ಪೈಪೋಟಿಯನ್ನು ಮಾರುಕಟ್ಟೆಗೆ ಹೋಲಿಸಿದರು. 1927ರ ವಿಟ್ನಿ ಪ್ರಕರಣದಲ್ಲಿ ನ್ಯಾಯಮೂರ್ತಿ ಲೂಯಿ ಬ್ರಾಂಡೈಸ್, ಚರ್ಚೆಗೆ ಕಾಲಾವಕಾಶ ಇರುವವರೆಗೆ ಕೆಟ್ಟ ಮಾತಿಗೆ ಪರಿಹಾರ ಇನ್ನಷ್ಟು ಮಾತೇ ಹೊರತು ಒತ್ತಾಯದ ಮೌನವಲ್ಲವೆಂದು ಬರೆದರು. ಇಂದಿಗೂ ಮುಕ್ತ ಚರ್ಚೆಯ ಪರವಾದ ವಾದಗಳೆಲ್ಲ ಈ ಎರಡು ನಿಲುವುಗಳಿಗೆ ಋಣಿಯಾಗಿವೆ. ಆದರೆ ವಿಟ್ನಿ ಪ್ರಕರಣದ ಹಿನ್ನೆಲೆ ಅಷ್ಟಾಗಿ ಪ್ರಸ್ತಾಪವಾಗುವುದಿಲ್ಲ. ಆನಿಟಾ ವಿಟ್ನಿಯವರ ಮೇಲೆ ಹೊರಿಸಿದ ಆರೋಪ ಕಮ್ಯುನಿಸ್ಟ್ ಲೇಬರ್ ಪಕ್ಷದ ಸಂಬಂಧವನ್ನು ಕುರಿತದ್ದು. ಆದರೆ 1919ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಅವರನ್ನು ಬಂಧಿಸಿದ್ದು ಕಪ್ಪು ಜನರ ಸ್ಥಿತಿಗತಿಯನ್ನು ಕುರಿತು ಅವರು ಉಪನ್ಯಾಸ ಮುಗಿಸಿದ ಮೇಲೆ. ಬ್ರಾಂಡೈಸರ ಮಾತು ಸುಂದರವಾಗಿತ್ತು, ಆದರೆ ವಿಟ್ನಿಯವರ ಶಿಕ್ಷೆಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಇನ್ನಷ್ಟು ಮಾತು ಎಂಬ ಪರಿಹಾರವು ಎಲ್ಲರ ಕೈಗೂ ಸಮನಾಗಿ ಎಟುಕುವಂಥದ್ದಲ್ಲವೆಂಬುದಕ್ಕೆ ಈ ತೀರ್ಪಿನ ಒಡಲಲ್ಲೇ ಸಾಕ್ಷಿಯಿದೆ.

೨. ಪ್ರಭುತ್ವವಲ್ಲದ ಅಧಿಕಾರ

ಸಮಾಜವೇ ಬಾಯಿ ಮುಚ್ಚಿಸುವ ಬಗೆಯನ್ನು ಹತ್ತೊಂಬತ್ತನೆಯ ಶತಮಾನದ ಎರಡು ಪ್ರಸಂಗಗಳು ಸ್ಪಷ್ಟಪಡಿಸುತ್ತವೆ. 1860ರ ಡಿಸೆಂಬರ್ 3ರಂದು ಬಾಸ್ಟನ್ನಿನ ಟ್ರೆಮಾಂಟ್ ಟೆಂಪಲ್‌ನಲ್ಲಿ ಸೇರಿದ್ದ ಗುಲಾಮಗಿರಿ ವಿರೋಧಿ ಸಭೆಯನ್ನು ದೊಂಬಿ ಮಾಡಿ ಚದುರಿಸಲಾಯಿತು. ಕೆಲವೇ ದಿನಗಳ ನಂತರ ಅದೇ ಊರಿನಲ್ಲಿ ಮಾತನಾಡಿದ ಫ್ರೆಡರಿಕ್ ಡಗ್ಲಾಸ್, ಮಾತನ್ನು ತಡೆಯುವುದು ಎರಡು ಪಟ್ಟು ಅನ್ಯಾಯ, ಏಕೆಂದರೆ ಅದು ಹೇಳುವವನ ಹಕ್ಕಿನ ಜೊತೆಗೆ ಕೇಳುವವನ ಹಕ್ಕನ್ನೂ ಕಸಿಯುತ್ತದೆ ಎಂದು ವಾದಿಸಿದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಡಗ್ಲಾಸ್‌ಗೆ ವಾಕ್ ಸ್ವಾತಂತ್ರ್ಯವು ತತ್ತ್ವಶಾಸ್ತ್ರದ ವಿಷಯವಾಗಿರದೆ ಬಿಡುಗಡೆಯ ಸಾಧನವಾಗಿತ್ತು.

ಎರಡನೆಯದು ಐಡಾ ಬಿ. ವೆಲ್ಸ್ ಅವರ ಪ್ರಸಂಗ. ಟೆನೆಸ್ಸಿ ರಾಜ್ಯದ ಮೆಂಫಿಸ್‌ನಲ್ಲಿ ಅವರು ಸಹ ಒಡತಿಯಾಗಿ ನಡೆಸುತ್ತಿದ್ದ ಪತ್ರಿಕೆಯ ಹೆಸರೇ 'ಫ್ರೀ ಸ್ಪೀಚ್'. 1892ರ ಮಾರ್ಚ್‌ನಲ್ಲಿ ಅವರ ಸ್ನೇಹಿತ ಥಾಮಸ್ ಮಾಸ್ ಸೇರಿದಂತೆ ಮೂವರು ಕಪ್ಪು ವ್ಯಾಪಾರಸ್ಥರನ್ನು ಬಿಳಿಯರ ಗುಂಪು ಸೆರೆಮನೆಯಿಂದ ಹೊರಗೆಳೆದು ಕೊಂದಿತು. ಬಿಳಿ ಹೆಂಗಸರ ಮಾನರಕ್ಷಣೆಗಾಗಿ ಇಂತಹ ಹತ್ಯೆಗಳು ನಡೆಯುತ್ತವೆ ಎಂಬ ಪ್ರಚಲಿತ ಸಮರ್ಥನೆಯನ್ನು ವೆಲ್ಸ್ ಮೇ ತಿಂಗಳ ಸಂಪಾದಕೀಯದಲ್ಲಿ ಪ್ರಶ್ನಿಸಿದರು. ಅವರು ಊರಿನಲ್ಲಿಲ್ಲದಾಗ ಗುಂಪೊಂದು ಪತ್ರಿಕೆಯ ಕಚೇರಿಯನ್ನು ಧ್ವಂಸ ಮಾಡಿತು. ಮರಳಿ ಬಂದರೆ ಜೀವ ಉಳಿಯದೆಂಬ ಬೆದರಿಕೆಯೂ ಹೊರಟಿತು. ಇಲ್ಲಿ ಯಾವ ಸರಕಾರವೂ ಪತ್ರಿಕೆಯನ್ನು ನಿಷೇಧಿಸಲಿಲ್ಲ. ವಾಕ್ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ ಮೊದಲ ತಿದ್ದುಪಡಿಯು ಪ್ರಭುತ್ವದ ಕೈಯನ್ನು ಮಾತ್ರ ಕಟ್ಟಿತ್ತು, ಗುಂಪಿನ ಕೈಯನ್ನಲ್ಲ. ಆ ಹತ್ಯೆಗಳನ್ನು ಸಮರ್ಥಿಸಿ ಬರೆದ ಬಿಳಿಯರ ಪತ್ರಿಕೆಗಳು ಮಾತ್ರ ನಿರಾತಂಕವಾಗಿ ಪ್ರಕಟವಾಗುತ್ತಿದ್ದವು. ಒಂದೇ ಊರಿನಲ್ಲಿ, ಒಂದೇ ವಿಷಯವನ್ನು ಕುರಿತು, ಒಂದೇ ಸಂವಿಧಾನದ ಅಡಿಯಲ್ಲಿ ಎರಡು ಬಗೆಯ ಮಾತುಗಳಿಗೆ ಎರಡು ಬಗೆಯ ಬೆಲೆ ನಿಗದಿಯಾಗಿತ್ತು.

೩. ನ್ಯಾಯಾಲಯಗಳು ಹಿಡಿದ ದಾರಿ

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ವಾಕ್ ಸ್ವಾತಂತ್ರ್ಯದ ಕಾನೂನು ಗಟ್ಟಿಗೊಂಡದ್ದು ಬಹುಪಾಲು ನಾಗರಿಕ ಹಕ್ಕುಗಳ ಚಳವಳಿಯ ಬಲದಿಂದಲೇ. 1961ರಲ್ಲಿ ದಕ್ಷಿಣ ಕೆರೊಲೈನಾದ ಶಾಸನಸಭಾ ಭವನದ ಮುಂದೆ ಶಾಂತವಾಗಿ ಪ್ರತಿಭಟಿಸಿದ 187 ಕಪ್ಪು ವಿದ್ಯಾರ್ಥಿಗಳಿಗೆ ಶಾಂತಿಭಂಗದ ಆರೋಪದ ಮೇಲೆ ಶಿಕ್ಷೆಯಾಗಿತ್ತು. 1963ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಚಳವಳಿಯ ಪರವಾಗಿ 1960ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪ್ರಕಟವಾದ ಜಾಹೀರಾತಿನ ಸಣ್ಣ ತಪ್ಪುಗಳನ್ನು ಹಿಡಿದು ಅಲಬಾಮದ ನ್ಯಾಯಾಲಯವು 5 ಲಕ್ಷ ಡಾಲರ್ ಮಾನನಷ್ಟ ಪರಿಹಾರವನ್ನು ವಿಧಿಸಿತ್ತು; 1964ರ ಸಲ್ಲಿವನ್ ತೀರ್ಪು ಅದನ್ನು ತಳ್ಳಿಹಾಕಿ, ಅಧಿಕಾರಸ್ಥರ ಟೀಕೆಗೆ ವಿಶಾಲ ರಕ್ಷಣೆಯನ್ನು ಒದಗಿಸಿತು. ವಾಕ್ ಸ್ವಾತಂತ್ರ್ಯವು ಶೋಷಿತರ ಆಯುಧವೂ ಹೌದೆಂಬುದನ್ನು ಮರೆತು ನಡೆಸುವ ಚರ್ಚೆ ಅಪೂರ್ಣವೇ ಸರಿ.

ಹೀಗೆ ರೂಪುಗೊಂಡ ರಕ್ಷಣೆಯೇ ಜನಾಂಗದ್ವೇಷಿಗಳಿಗೂ ಒದಗಿತು. 1969ರ ಬ್ರಾಂಡನ್‌ಬರ್ಗ್ ತೀರ್ಪಿನಲ್ಲಿ ಕೂ ಕ್ಲಕ್ಸ್ ಕ್ಲಾನ್ ನಾಯಕನೊಬ್ಬನ ಶಿಕ್ಷೆಯನ್ನು ರದ್ದುಪಡಿಸಿದ ಸುಪ್ರೀಂ ಕೋರ್ಟ್, ತತ್‌ಕ್ಷಣದ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸುವ ಉದ್ದೇಶ ಮತ್ತು ಸಂಭವನೀಯತೆ ಇಲ್ಲದಿದ್ದರೆ ಅಂತಹ ಪ್ರತಿಪಾದನೆಯನ್ನು ಶಿಕ್ಷಿಸಲಾಗದೆಂದು ಸಾರಿತು. 1977ರಲ್ಲಿ ನಾಜಿ ಗುಂಪೊಂದು ಷಿಕಾಗೋ ಸಮೀಪದ ಸ್ಕೋಕಿಯಲ್ಲಿ ಮೆರವಣಿಗೆ ನಡೆಸಲು ಹೊರಟಿತು. ಅಲ್ಲಿನ ಯಹೂದಿ ನಿವಾಸಿಗಳಲ್ಲಿ ಹಿಟ್ಲರನ ಮರಣಶಿಬಿರಗಳಿಂದ ಬದುಕುಳಿದವರೂ ಇದ್ದರು. ನಾಜಿ ಗುಂಪಿನ ಹಕ್ಕಿನ ಪರವಾಗಿ ವಾದಿಸಿದ್ದು ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್. ಅದರ ಆಗಿನ ಮುಖ್ಯಸ್ಥ ಆರ್ಯೇ ನಯರ್ ಸ್ವತಃ ಬಾಲ್ಯದಲ್ಲಿ ನಾಜಿ ಜರ್ಮನಿಯಿಂದ ಪಾರಾಗಿ ಬಂದ ಯಹೂದಿ. ಸ್ಕೋಕಿಯ ಆಡಳಿತಕ್ಕೆ ಮೆರವಣಿಗೆಯನ್ನು ತಡೆಯುವ ಅಧಿಕಾರ ಕೊಟ್ಟರೆ ದಕ್ಷಿಣದ ಬಿಳಿಯರ ಆಡಳಿತಗಳಿಗೆ ನಾಗರಿಕ ಹಕ್ಕುಗಳ ಮೆರವಣಿಗೆಯನ್ನು ತಡೆಯುವ ಅಧಿಕಾರವನ್ನೂ ಕೊಟ್ಟಂತಾಗುತ್ತದೆ ಎಂಬುದು ಈ ಪಕ್ಷದ ಮುಖ್ಯ ವಾದ. ಹಕ್ಕು ಸ್ಥಾಪಿತವಾಯಿತು, ಸ್ಕೋಕಿಯಲ್ಲಿ ಮಾತ್ರ ಮೆರವಣಿಗೆ ನಡೆಯಲಿಲ್ಲ.

ಈ ತರ್ಕದ ಮಿತಿಯನ್ನು ತೋರಿಸಿದ್ದು ಶಿಲುಬೆ ಸುಟ್ಟ ಪ್ರಕರಣಗಳು. 1990ರಲ್ಲಿ ಮಿನೆಸೋಟದ ಸೇಂಟ್ ಪಾಲ್ ನಗರದಲ್ಲಿ ಕಪ್ಪು ಕುಟುಂಬವೊಂದರ ಮನೆಯಂಗಳದಲ್ಲಿ ಕೆಲವು ಯುವಕರು ಶಿಲುಬೆಯನ್ನು ಸುಟ್ಟರು. ಕ್ಲಾನ್ ಇತಿಹಾಸವನ್ನು ಬಲ್ಲ ಯಾವ ಕಪ್ಪು ಕುಟುಂಬಕ್ಕೂ ಇದು ಅಭಿಪ್ರಾಯವಾಗಿ ಕಾಣುವಂತಿರಲಿಲ್ಲ. ಅದು ಕೊಲೆಯ ಮುನ್ಸೂಚನೆ. ಜನಾಂಗ, ಬಣ್ಣ, ಮತ, ಲಿಂಗಗಳ ಆಧಾರದ ಮೇಲೆ ಕೋಪ, ಭೀತಿ ಹುಟ್ಟಿಸುವ ಚಿಹ್ನೆಗಳನ್ನು ನಿಷೇಧಿಸಿದ್ದ ಆ ನಗರದ ನಿಯಮವನ್ನು ಸುಪ್ರೀಂ ಕೋರ್ಟ್ 1992ರಲ್ಲಿ ಅಸಿಂಧುಗೊಳಿಸಿತು. ನಿಂದೆಯ ಮಾತುಗಳಲ್ಲಿಯೂ ಕೆಲವು ವಿಷಯಗಳನ್ನಷ್ಟೇ ಆಯ್ದು ಶಿಕ್ಷಿಸುವುದು ಪ್ರಭುತ್ವದ ಪಕ್ಷಪಾತವಾಗುತ್ತದೆ ಎಂಬುದು ಕಾರಣ. ಹನ್ನೊಂದು ವರ್ಷಗಳ ಅನಂತರ, 2003ರ ವರ್ಜೀನಿಯಾ ಪ್ರಕರಣದಲ್ಲಿ, ಬೆದರಿಸುವ ಉದ್ದೇಶದಿಂದ ಶಿಲುಬೆ ಸುಡುವುದನ್ನು ನಿಷೇಧಿಸಬಹುದೆಂದು ಅದೇ ನ್ಯಾಯಾಲಯ ಒಪ್ಪಿತು. ಆ ಪೀಠದಲ್ಲಿದ್ದ ಏಕೈಕ ಕಪ್ಪು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಸಾಮಾನ್ಯವಾಗಿ ಸಂಪ್ರದಾಯವಾದಿಯೆಂದು ಹೆಸರಾದವರು. ಅವರು ಇನ್ನೂ ಮುಂದೆ ಹೋಗಿ ಅದು ಮಾತೇ ಅಲ್ಲ, ಭಯೋತ್ಪಾದಕ ಕೃತ್ಯವೆಂದು ಭಿನ್ನಮತ ಬರೆದರು. ಒಂದೇ ಬೆಂಕಿಯನ್ನು ಒಬ್ಬರು ಅಭಿವ್ಯಕ್ತಿಯಾಗಿಯೂ ಮತ್ತೊಬ್ಬರು ಕ್ರಿಯೆಯಾಗಿಯೂ ಓದಿದ್ದರಲ್ಲಿ ಓದುಗನ ಸಾಮಾಜಿಕ ನೆಲೆಯ ಪಾತ್ರವಿದೆ.

೪. ಮಾತೆಂಬ ಕ್ರಿಯೆ

ಮಾತು ಮತ್ತು ಕ್ರಿಯೆಗಳ ನಡುವಣ ಈ ಗೆರೆಯನ್ನು ಭಾಷಾತತ್ತ್ವಶಾಸ್ತ್ರವು ಆ ವೇಳೆಗಾಗಲೇ ಅಳಿಸಿತ್ತು. ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ನೀಡಿದ, 1962ರಲ್ಲಿ ಪುಸ್ತಕರೂಪ ಪಡೆದ ಉಪನ್ಯಾಸಗಳು ಮಾತು ಲೋಕವನ್ನು ವರ್ಣಿಸುವುದಷ್ಟೇ ಅಲ್ಲ, ಲೋಕದಲ್ಲಿ ಕೆಲಸವನ್ನೂ ಮಾಡುತ್ತದೆಂದು ತೋರಿಸಿದವು. ನ್ಯಾಯಾಧೀಶನು ತೀರ್ಪು ಓದಿದಾಗ ಆರೋಪಿಯು ಅಪರಾಧಿಯಾಗುತ್ತಾನೆ. ಅದೇ ವಾಕ್ಯವನ್ನು ದಾರಿಹೋಕನು ನುಡಿದರೆ ಏನೂ ಆಗುವುದಿಲ್ಲ. ಅಂದರೆ ಮಾತಿನ ಕ್ರಿಯಾಶಕ್ತಿಯು ಪದದಲ್ಲಿ ಮಾತ್ರವಲ್ಲದೆ ಆಡುವವನ ಅಧಿಕಾರದಲ್ಲಿಯೂ ನೆಲೆಸಿದೆ.

ಈ ತಿಳಿವಳಿಕೆಗೆ ಸಮೀಪವಾದ ವಾದವನ್ನು ಕಾನೂನಿನ ಕ್ಷೇತ್ರದಲ್ಲಿ ಮಂಡಿಸಿದವರಲ್ಲಿ ಮಾರಿ ಮತ್ಸುದಾ ಪ್ರಮುಖರು. 1989ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಶಿಕ್ಷಾರ್ಹ ಜನಾಂಗನಿಂದೆಗೆ ಮೂರು ಲಕ್ಷಣಗಳನ್ನು ಸೂಚಿಸಿದರು: ಅದು ಜನಾಂಗೀಯ ಕೀಳುತನವನ್ನು ಸಾರಬೇಕು, ಚಾರಿತ್ರಿಕವಾಗಿ ತುಳಿತಕ್ಕೊಳಗಾದ ಸಮುದಾಯವನ್ನು ಗುರಿಯಾಗಿಸಬೇಕು, ಹಿಂಸೆ, ದ್ವೇಷ, ಅವಮಾನಗಳಿಂದ ಕೂಡಿರಬೇಕು. ಎರಡನೆಯ ಲಕ್ಷಣವೇ ಇಲ್ಲಿ ನಿರ್ಣಾಯಕ. ಬಿಳಿಯನು ಕಪ್ಪು ವ್ಯಕ್ತಿಗೆ ಆಡಿದ ನಿಂದೆ, ಕಪ್ಪು ವ್ಯಕ್ತಿ ಬಿಳಿಯನಿಗೆ ತಿರುಗಿ ಆಡಿದ ನಿಂದೆ ಎರಡೂ ಒಂದೇ ತೂಕದವಲ್ಲ. ಮೊದಲನೆಯದರ ಹಿಂದೆ ಶತಮಾನಗಳ ಬಲಪ್ರಯೋಗ ನಿಂತಿದೆ. ಚಾರ್ಲ್ಸ್ ಲಾರೆನ್ಸ್ ಇಂತಹ ನಿಂದೆಯನ್ನು ಕಪಾಳಕ್ಕೆ ಬಿದ್ದ ಪೆಟ್ಟಿಗೆ ಹೋಲಿಸಿದರು: ಅದು ಸಂವಾದವನ್ನು ಆರಂಭಿಸುವುದಿಲ್ಲ, ಮುಗಿಸುತ್ತದೆ. ರೇ ಲ್ಯಾಂಗ್ಟನ್ 1993ರಲ್ಲಿ ಆಸ್ಟಿನ್‌ನ ಪರಿಕಲ್ಪನೆಯನ್ನು ವಿಸ್ತರಿಸಿ, ಮೌನಗೊಳಿಸುವಿಕೆ ಎಂದರೆ ಬಾಯಿ ಕಟ್ಟುವುದು ಮಾತ್ರವಲ್ಲವೆಂದರು. ಮಾತು ಹೊರಬಂದರೂ ಅದು ಮಾಡಬೇಕಾದ ಕೆಲಸವನ್ನು ಮಾಡದಂತೆ ಆಗುವುದೂ ಮೌನವೇ. ದೂರು ದೂರೆಂದು ಪರಿಗಣಿತವಾಗದ, ಸಾಕ್ಷ್ಯ ಸಾಕ್ಷ್ಯವೆನಿಸದ ಸ್ಥಿತಿಯು ಇದಕ್ಕೆ ನಿದರ್ಶನ.

ಆದರೆ ಈ ವಾದಕ್ಕೆ ಬಂದ ಆಕ್ಷೇಪಗಳು ಹಗುರವಾದವುಗಳಲ್ಲ, ಮತ್ತು ಅವು ಕೇವಲ ವಿರೋಧಿಗಳಿಂದ ಬಂದವುಗಳೂ ಅಲ್ಲ. ಮಿಷಿಗನ್ ವಿಶ್ವವಿದ್ಯಾಲಯವು 1988ರಲ್ಲಿ ಜಾರಿಗೊಳಿಸಿದ ನಿಂದಾವಿರೋಧಿ ನಿಯಮವನ್ನು ಮರುವರ್ಷವೇ ನ್ಯಾಯಾಲಯ ಅಸ್ಪಷ್ಟವೆಂದು ರದ್ದುಪಡಿಸಿತು. ಅದು ಜಾರಿಯಲ್ಲಿದ್ದ ಅಲ್ಪಾವಧಿಯಲ್ಲಿ ಕಪ್ಪು ವಿದ್ಯಾರ್ಥಿಗಳ ಮೇಲೆಯೇ ಬಿಳಿಯರು ದೂರು ನೀಡಿದ ಪ್ರಸಂಗಗಳನ್ನು ನಡೀನ್ ಸ್ಟ್ರಾಸೆನ್ ಎತ್ತಿ ತೋರಿಸಿದ್ದಾರೆ. ಬ್ರಿಟನ್ನಿನಲ್ಲಿ 1965ರ ಜನಾಂಗ ಸಂಬಂಧಗಳ ಕಾಯಿದೆಯು ಜನಾಂಗದ್ವೇಷದ ಪ್ರಚೋದನೆಯನ್ನು ಅಪರಾಧವಾಗಿಸಿತು. 1967ರಲ್ಲಿ ಈ ಕಾಯಿದೆಯಡಿ ನಾಜಿವಾದಿ ಕಾಲಿನ್ ಜೋರ್ಡನ್‌ಗೆ ಸೆರೆವಾಸವಾಯಿತು. ಅದೇ ವರ್ಷ ಅದೇ ಕಾಯಿದೆಯಡಿ, ಬಿಳಿಯರ ವಿರುದ್ಧ ಮಾತನಾಡಿದ್ದಕ್ಕಾಗಿ, ಟ್ರಿನಿಡಾಡ್ ಮೂಲದ ಕಪ್ಪು ಹೋರಾಟಗಾರ ಮೈಕೇಲ್ ಎಕ್ಸ್‌ಗೂ ಹನ್ನೆರಡು ತಿಂಗಳ ಸೆರೆವಾಸವಾಯಿತು. ಶೋಷಿತರ ರಕ್ಷಣೆಗಾಗಿ ರೂಪಿಸಿದ ಆಯುಧವನ್ನು ಹಿಡಿಯುವ ಕೈ ಪ್ರಭುತ್ವದ್ದೇ ಆಗಿರುತ್ತದೆ. ಪ್ರಭುತ್ವವು ಸಮಾಜದ ಪೂರ್ವಗ್ರಹಗಳಿಂದ ಹೊರತಾದುದಲ್ಲ.

ಹೆನ್ರಿ ಲೂಯಿ ಗೇಟ್ಸ್ 1993ರಲ್ಲಿ ಎತ್ತಿದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಕಪ್ಪು ವಿದ್ಯಾರ್ಥಿಗೆ ಒಬ್ಬನು ಅಶ್ಲೀಲವಾಗಿ ಬೈಯುತ್ತಾನೆ. ಇನ್ನೊಬ್ಬನು ಸಭ್ಯವಾದ, ಅನುಕಂಪ ತುಂಬಿದ ಭಾಷೆಯಲ್ಲಿ, ವಿಶೇಷ ಅವಕಾಶದಿಂದ ಪ್ರವೇಶ ಪಡೆದ ನಿನಗೆ ಈ ಓದು ಎಟುಕದು ಎನ್ನುತ್ತಾನೆ. ನಿಯಮವು ಮೊದಲನೆಯವನನ್ನು ಹಿಡಿಯುತ್ತದೆ. ಹೆಚ್ಚು ಆಳವಾದ ಗಾಯ ಮಾಡಿದ ಎರಡನೆಯವನು ಅದಕ್ಕೆ ಸಿಕ್ಕುವುದಿಲ್ಲ. ಜುಡಿತ್ ಬಟ್ಲರ್ ಅವರ 1997ರ 'ಎಕ್ಸೈಟಬಲ್ ಸ್ಪೀಚ್' ಕೃತಿಯು ಮತ್ತೊಂದು ಅಂಶವನ್ನು ಸೇರಿಸುತ್ತದೆ. ನಿಂದೆಯ ಪದಕ್ಕೆ ಗಾಯಮಾಡುವ ಶಕ್ತಿ ಬಂದಿರುವುದು ಪುನರಾವರ್ತನೆಯಿಂದ. ಆದುದರಿಂದ ಬೇರೆ ಬಾಯಿಯಲ್ಲಿ, ಬೇರೆ ಸಂದರ್ಭದಲ್ಲಿ ಪುನರಾವರ್ತಿಸಿದಾಗ ಅದರ ಅರ್ಥವನ್ನು ತಿರುಗಿಸುವುದೂ ಸಾಧ್ಯ.

೫. ಜನಾಂಗದಿಂದ ಜಾತಿಗೆ

ಈ ವಾಗ್ವಾದವನ್ನು ಭಾರತಕ್ಕೆ ತರುವ ಮುನ್ನ ಜಾತಿಯನ್ನು ಜನಾಂಗದೊಡನೆ ಸಮೀಕರಿಸಬಹುದೇ ಎಂಬುದನ್ನು ವಿವೇಚಿಸಬೇಕು. ಜಾತಿಯು ರಕ್ತಶುದ್ಧಿಯ ವ್ಯವಸ್ಥೆಯೆಂಬ ವಾದವನ್ನು ಬಿ. ಆರ್. ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಖಂಡಿಸಿದ್ದಾರೆ. ಒಂದೇ ಪ್ರಾಂತದ ಮೇಲುಜಾತಿ, ಕೀಳುಜಾತಿಗಳು ಜನಾಂಗ ದೃಷ್ಟಿಯಿಂದ ಬೇರೆಯಲ್ಲವೆಂಬುದು ಅವರ ನಿಲುವು. ಹಾಗಿದ್ದೂ 1946ರಲ್ಲಿ ಅವರು ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು ಎರಡು ಸಮುದಾಯಗಳ ಸ್ಥಿತಿಯ ಸಾಮ್ಯವನ್ನು ಪ್ರಸ್ತಾಪಿಸಿದರು. ಮೂಲದಲ್ಲಿ ಭೇದ, ಅನುಭವದಲ್ಲಿ ಸಾಮ್ಯ ಎಂಬ ಈ ಎರಡು ನೆಲೆಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದು ಅಗತ್ಯ.

ಅಂತರರಾಷ್ಟ್ರೀಯ ಕಾನೂನಿನಲ್ಲಿಯೂ ಈ ದ್ವಂದ್ವವಿದೆ. ವಿಶ್ವಸಂಸ್ಥೆಯು 1965ರಲ್ಲಿ ಅಂಗೀಕರಿಸಿದ ಜನಾಂಗಭೇದ ನಿರ್ಮೂಲನ ಒಡಂಬಡಿಕೆಯು ಜನಾಂಗ, ಬಣ್ಣಗಳ ಜೊತೆಗೆ 'ವಂಶ' ಎಂಬ ಆಧಾರವನ್ನೂ ಒಳಗೊಂಡಿದೆ. ಅದರ 4ನೆಯ ವಿಧಿಯು ಜನಾಂಗದ್ವೇಷದ ಪ್ರಚಾರವನ್ನು ಶಿಕ್ಷಾರ್ಹವಾಗಿಸುವಂತೆ ಸದಸ್ಯ ರಾಷ್ಟ್ರಗಳಿಗೆ ವಿಧಿಸುತ್ತದೆ. ಅಮೆರಿಕ 1994ರಲ್ಲಿ ಈ ಒಡಂಬಡಿಕೆಗೆ ಸೇರುವಾಗ ತನ್ನ ವಾಕ್ ಸ್ವಾತಂತ್ರ್ಯದ ಕಾರಣವೊಡ್ಡಿ ಈ ವಿಧಿಗೆ ಮಿತಿ ಹೇರಿತು. 1968ರಲ್ಲೇ ಸೇರಿದ್ದ ಭಾರತವು 2001ರ ಡರ್ಬನ್ ಸಮ್ಮೇಳನದಲ್ಲಿ ಜಾತಿಯ ಪ್ರಶ್ನೆ ಬಂದಾಗ, ಜಾತಿ ಜನಾಂಗವಲ್ಲವೆಂದು ಆಕ್ಷೇಪಿಸಿತು. ಸಮಾಜಶಾಸ್ತ್ರಜ್ಞ ಆಂದ್ರೆ ಬೆತೇಯ್ ಕೂಡ ಈ ಸಮೀಕರಣವನ್ನು ವಿರೋಧಿಸಿದರು. ದಲಿತ ಸಂಘಟನೆಗಳು ಅನುಭವದ ಸಾಮ್ಯವನ್ನು ಮುಂದಿಟ್ಟವು. 2002ರಲ್ಲಿ ಒಡಂಬಡಿಕೆಯ ಸಮಿತಿಯು 'ವಂಶ' ಎಂಬ ಪದವು ಜಾತಿಯಂಥ ವ್ಯವಸ್ಥೆಗಳನ್ನೂ ಒಳಗೊಳ್ಳುತ್ತದೆಂದು ತನ್ನ 29ನೆಯ ಸಾಮಾನ್ಯ ಶಿಫಾರಸಿನಲ್ಲಿ ಸ್ಪಷ್ಟಪಡಿಸಿತು.

ಭಾರತದ ಕಾನೂನು ಅಮೆರಿಕಕ್ಕಿಂತ ಭಿನ್ನವಾದ ಹಾದಿಯನ್ನು ಹಿಡಿದಿದೆ. ಸಂವಿಧಾನದ 19(1)(ಎ) ವಿಧಿಯು ನೀಡುವ ಸ್ವಾತಂತ್ರ್ಯಕ್ಕೆ 19(2) ಸಮಂಜಸ ನಿರ್ಬಂಧಗಳನ್ನು ಜೋಡಿಸಿದೆ. ಮತ್ಸುದಾ ತಮ್ಮ ಲೇಖನ ಪ್ರಕಟಿಸಿದ 1989ರಲ್ಲೇ ಭಾರತದ ಸಂಸತ್ತು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯಿದೆಯನ್ನು ಅಂಗೀಕರಿಸಿತು. ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳದಲ್ಲಿ ಪರಿಶಿಷ್ಟರಲ್ಲದವರು ಪರಿಶಿಷ್ಟರನ್ನು ಅವಮಾನಿಸುವ ಉದ್ದೇಶದಿಂದ ನಿಂದಿಸುವುದು ಅದರಂತೆ ಅಪರಾಧ. 2016ರಿಂದ ಜಾರಿಗೆ ಬಂದ ತಿದ್ದುಪಡಿಯು ಜಾತಿಯ ಹೆಸರು ಹಿಡಿದು ಬೈಯುವುದನ್ನು ಪ್ರತ್ಯೇಕವಾಗಿ ಹೆಸರಿಸಿತು. ಯಾರು ಯಾರಿಗೆ ಆಡಿದರು ಎಂಬ ಅಧಿಕಾರ ಸಂಬಂಧವನ್ನು ಅಪರಾಧದ ವ್ಯಾಖ್ಯೆಯೊಳಗೇ ಸೇರಿಸಿದ್ದು ಈ ಕಾಯಿದೆಯ ವೈಶಿಷ್ಟ್ಯ. ಅಮೆರಿಕದಲ್ಲಿ ಸಿದ್ಧಾಂತವಾಗಿಯೇ ಉಳಿದದ್ದು ಇಲ್ಲಿ ಶಾಸನವಾಯಿತು.

2008ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪು ಭಾಷಾಧ್ಯಯನದ ದೃಷ್ಟಿಯಿಂದ ಮಹತ್ತ್ವದ್ದು. ಜಾತಿಸೂಚಕ ಪದವೊಂದರ ವ್ಯುತ್ಪತ್ತಿ ಕೇವಲ ವೃತ್ತಿಯನ್ನು ಹೇಳುತ್ತದೆ ಎಂಬ ವಾದವನ್ನು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟ್, ಪದದ ಮೂಲಾರ್ಥವನ್ನಲ್ಲ, ಬಳಕೆಯಲ್ಲಿ ಅದು ಪಡೆದ ಅರ್ಥವನ್ನು ನೋಡಬೇಕೆಂದು ಹೇಳಿತು. ಇದೇ ಕಾಯಿದೆಯ ಮಿತಿಯನ್ನು 2020ರ ಹಿತೇಶ್ ವರ್ಮಾ ತೀರ್ಪು ತೋರಿಸುತ್ತದೆ: ಹೊರಗಿನವರಾರೂ ಇಲ್ಲದ ನಾಲ್ಕು ಗೋಡೆಗಳ ನಡುವಣ ನಿಂದೆಯು ಸಾರ್ವಜನಿಕರ ದೃಷ್ಟಿಗೆ ಬಿದ್ದುದಲ್ಲವೆಂದು ಅದು ನಿರ್ಣಯಿಸಿತು. ಮನೆಗೆಲಸದವರು, ತೋಟದ ಆಳುಗಳು ನಿಂದೆಯನ್ನು ಕೇಳುವುದು ಬಹಳಷ್ಟು ಸಲ ಯಾರೂ ಕಾಣದೆಡೆಯಲ್ಲಿ. ಗೇಟ್ಸ್ ಹೇಳುವ ಸಭ್ಯ ನಿಂದೆ ಅಲ್ಲಿ ತಪ್ಪಿಸಿಕೊಂಡಂತೆ ಇಲ್ಲಿ ಮರೆಯ ನಿಂದೆ ತಪ್ಪಿಸಿಕೊಳ್ಳುತ್ತದೆ.

೬. ಸಭೆಯೊಳಗಿನ ಬಹುಮತ

ಅಧಿಕಾರಸ್ಥಾನವೊಂದು ದೊರೆತ ಮಾತ್ರಕ್ಕೆ ಮಾತಿಗೆ ರಕ್ಷಣೆ ದೊರೆಯುತ್ತದೆಯೇ ಎಂಬ ಪ್ರಶ್ನೆಗೆ ಭಾರತದ ಎರಡು ಪ್ರಸಂಗಗಳು ಉತ್ತರ ನೀಡುತ್ತವೆ. ಅಂಬೇಡ್ಕರರ 'ಜಾತಿ ವಿನಾಶ' ಮೂಲತಃ ಭಾಷಣವಾಗಬೇಕಿತ್ತು. ಆಹ್ವಾನಿಸಿದ್ದ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲವು ಅವರ ಕೆಲವು ಮಾತುಗಳನ್ನು ಒಪ್ಪದೆ ಸಮ್ಮೇಳನವನ್ನೇ ಕೈಬಿಟ್ಟಿತು. ಅವರು ಭಾಷಣವನ್ನು ತಾವೇ ಅಚ್ಚುಹಾಕಿಸಬೇಕಾಯಿತು. ಇಲ್ಲಿ ತಡೆದವರು ಜಾತಿಯ ಸಮರ್ಥಕರಲ್ಲ, ಸುಧಾರಕರು ಎಂಬುದು ಗಮನಾರ್ಹ. ಮುಕ್ತ ಚರ್ಚೆಗೆ ಕರೆದವರೇ ಅದರ ಎಲ್ಲೆಯನ್ನೂ ನಿರ್ಧರಿಸಿದ್ದರು.

ಎರಡನೆಯದು ಕನ್ನಡ ಸಾಹಿತ್ಯಲೋಕದ್ದೇ ಆದ 'ಬೂಸಾ' ಪ್ರಕರಣ. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತನ್ನಾಡಿದರು. ಅದು ಸಾಹಿತ್ಯ ವಿಮರ್ಶೆಯ ಹೇಳಿಕೆ. ಯಾವ ವ್ಯಕ್ತಿಯನ್ನೂ ಜಾತಿಯನ್ನೂ ಹಳಿದದ್ದಲ್ಲ. ನಂತರ ನಡೆದ ಗಲಭೆಗಳಲ್ಲಿ ದಲಿತ ವಿದ್ಯಾರ್ಥಿಗಳು ಹಲ್ಲೆಗೊಳಗಾದರು; ಬಸವಲಿಂಗಪ್ಪನವರು ಸಚಿವಸ್ಥಾನವನ್ನು ಬಿಡಬೇಕಾಯಿತು. ಇಂತಹುದೇ ಕಟುವಾದ ಮಾತನ್ನು ನವೋದಯವನ್ನು ಕುರಿತು ನವ್ಯರು ಆಡಿದಾಗ ಅದು ವಿಮರ್ಶೆಯ ವಿವಾದವಾಗಿ ಉಳಿಯಿತೆಂಬುದನ್ನು ನೆನೆದರೆ, ಆಡಿದ ಮಾತಿಗಿಂತ ಆಡಿದವರ ನೆಲೆಯೇ ಇಲ್ಲಿ ಶಿಕ್ಷೆಯನ್ನು ನಿರ್ಧರಿಸಿತೆಂಬುದು ವಿದಿತವಾಗುತ್ತದೆ. ಸಚಿವಪದವಿಯೂ ಸಾಮಾಜಿಕ ಅಧಿಕಾರದ ಕೊರತೆಯನ್ನು ತುಂಬಲಿಲ್ಲ. ಆದರೆ ಈ ಘಟನೆಯಿಂದ ಎಚ್ಚೆತ್ತ ಯುವಕರೇ ಮುಂದೆ ದಲಿತ ಸಂಘರ್ಷ ಸಮಿತಿಯನ್ನೂ ದಲಿತ ಸಾಹಿತ್ಯ ಚಳವಳಿಯನ್ನೂ ಕಟ್ಟಿದರು. ಮಾತಿಗೆ ಮಾತೇ ಮದ್ದು ಎಂಬ ತತ್ತ್ವ ಇಲ್ಲಿ ಸುಳ್ಳಾಗಲಿಲ್ಲ. ಸಂಘಟನೆಯ ಬಲ ದೊರೆತ ಮೇಲೆ ನಿಜವಾಯಿತು.

ನೋವಿನ ಭಾಷೆಯನ್ನು ಬಲಾಢ್ಯರೂ ಬಳಸಬಲ್ಲರೆಂಬುದಕ್ಕೆ ನೆರೆಯ ತಮಿಳುನಾಡಿನ ಪೆರುಮಾಳ್ ಮುರುಗನ್ ಪ್ರಕರಣ ನಿದರ್ಶನ. 'ಮಾದೊರುಬಾಗನ್' ಕಾದಂಬರಿಯಿಂದ ತಮಗೆ ಅವಮಾನವಾಯಿತೆಂದು ಸ್ಥಳೀಯ ಜಾತಿಗುಂಪುಗಳು ಪ್ರತಿಭಟಿಸಿದಾಗ, 2015ರ ಜನವರಿಯಲ್ಲಿ ಜಿಲ್ಲಾಡಳಿತ ಕರೆದ 'ಶಾಂತಿಸಭೆ'ಯಲ್ಲಿ ಲೇಖಕರು ಕ್ಷಮೆ ಕೇಳಬೇಕಾಯಿತು. ಆಮೇಲೆ ಅವರು ಲೇಖಕನಾಗಿ ತಾನು ಸತ್ತೆನೆಂದು ಸಾರಿದರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರವಾಗಿ ತೀರ್ಪಿತ್ತು ಬರೆವಣಿಗೆಗೆ ಮರಳಲು ಅನುವು ಮಾಡಿತು. ನೊಂದೆವೆಂಬ ಹೇಳಿಕೆಯೊಂದನ್ನೇ ಅಳತೆಗೋಲಾಗಿಸಿದರೆ ಸಂಖ್ಯೆ ಮತ್ತು ಸಂಘಟನೆ ಉಳ್ಳವರ ನೋವೇ ಹೆಚ್ಚು ಕೇಳಿಸುತ್ತದೆ.

೭. ಪದದ ಮರುಸ್ವಾಧೀನ

ಬಟ್ಲರ್ ಸೂಚಿಸಿದ ಅರ್ಥಪಲ್ಲಟದ ಸಾಧ್ಯತೆಗೆ ಕನ್ನಡದಲ್ಲಿ ಸ್ಪಷ್ಟ ನಿದರ್ಶನಗಳಿವೆ. ಸಿದ್ಧಲಿಂಗಯ್ಯನವರ 1975ರ ಕವನಸಂಕಲನದ ಹೆಸರು 'ಹೊಲೆಮಾದಿಗರ ಹಾಡು'. ಬೈಗುಳವಾಗಿ ಬಳಕೆಯಲ್ಲಿದ್ದ ಜಾತಿನಾಮಗಳು ಇಲ್ಲಿ ಹಾಡುವವರ ಹೆಸರಾಗಿ ತಲೆಯೆತ್ತಿವೆ. ಅರವಿಂದ ಮಾಲಗತ್ತಿಯವರ 1994ರ ಆತ್ಮಕಥನ 'ಗೌರ್ಮೆಂಟ್ ಬ್ರಾಹ್ಮಣ'ವು ಮೀಸಲಾತಿ ಪಡೆದವರನ್ನು ಅಣಕಿಸುವ ಮಾತನ್ನೇ ಶೀರ್ಷಿಕೆಯಾ೗ಿಸಿಕೊಂಡಿದೆ. ಆ ಅಣಕದಲ್ಲಿ ಒಂದೂ ನಿಷಿದ್ಧ ಪದವಿಲ್ಲ; ಗೇಟ್ಸ್ ವಿವರಿಸಿದ ಸಭ್ಯ ನಿಂದೆಯ ಕನ್ನಡ ರೂಪವಿದು. ಕಾನೂನಿಗೆ ಎಟುಕದ ಆ ನಿಂದೆಯನ್ನು ಎದುರಿಸಿದ್ದು ಸಾಹಿತ್ಯ.

ಇದೇ ಪ್ರಶ್ನೆ 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಏಷ್ಯಾ ಮೂಲದವರ ಕಣ್ಣನ್ನು ಹಳಿಯುವ ಪದವೊಂದನ್ನು ಏಷ್ಯನ್ ಅಮೆರಿಕನ್ ಕಲಾವಿದರ ಸಂಗೀತ ತಂಡವೇ ತನ್ನ ಹೆಸರಾಗಿ ಆರಿಸಿಕೊಂಡಿತ್ತು. ನಿಂದಾತ್ಮಕವೆಂಬ ಕಾರಣದಿಂದ ಸರಕಾರವು ಅದರ ನೋಂದಣಿಯನ್ನು ನಿರಾಕರಿಸಿತ್ತು. ನ್ಯಾಯಾಲಯ ತಂಡದ ಪರವಾಗಿ ತೀರ್ಪಿತ್ತಿತು. ಆದರೆ ಮೂಲನಿವಾಸಿಗಳನ್ನು ಹಳಿಯುವ ಹೆಸರಿದ್ದ ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡಕ್ಕೂ ಅದೇ ತೀರ್ಪಿನ ಲಾಭ ದೊರೆಯಿತು. ಆ ತಂಡ 2020ರಲ್ಲಿ ಹೆಸರನ್ನು ಕೈಬಿಟ್ಟದ್ದು ನ್ಯಾಯಾಲಯದ ಆಜ್ಞೆಯಿಂದಲ್ಲ, ಸಾರ್ವಜನಿಕ ಒತ್ತಡದಿಂದ. ಪದವನ್ನು ತನ್ನದಾಗಿಸಿಕೊಳ್ಳುವವನನ್ನೂ ಪರರ ಮೇಲೆ ಹೇರುವವನನ್ನೂ ಪದಮಾತ್ರವನ್ನು ನೋಡುವ ನಿಯಮ ಬೇರ್ಪಡಿಸಲಾರದು.

ಹಳೆಯ ಕೃತಿಗಳಲ್ಲಿನ ನಿಂದಾಪದಗಳ ಪ್ರಶ್ನೆಯೂ ಇದಕ್ಕೆ ಸಂಬಂಧಿಸಿದ್ದು. ಮಾರ್ಕ್ ಟ್ವೇನನ 'ಹಕಲ್‌ಬರಿ ಫಿನ್' ಕಾದಂಬರಿಯಲ್ಲಿ 219 ಸಲ ಬರುವ ಜನಾಂಗನಿಂದೆಯ ಪದವನ್ನು 2011ರ ಒಂದು ಆವೃತ್ತಿಯಲ್ಲಿ 'ಗುಲಾಮ' ಎಂದು ಬದಲಿಸಲಾಯಿತು. ತರಗತಿಯಲ್ಲಿ ಕೃತಿಯನ್ನು ಓದುವಂತಾಗಲಿ ಎಂಬುದು ಸಂಪಾದಕರ ಆಶಯ. ಟ್ವೇನ್ ಬಯಲಿಗೆಳೆದ ಸಮಾಜದ ಕ್ರೌರ್ಯವನ್ನೇ ಅದು ಮರೆಮಾಚಿತೆಂಬುದು ವಿಮರ್ಶಕರ ಆಕ್ಷೇಪ. ಪದವನ್ನು ಆಡುವುದಕ್ಕೂ ಪದವನ್ನು ಕುರಿತು ಆಡುವುದಕ್ಕೂ ವ್ಯತ್ಯಾಸವುಂಟು. ಆದರೆ ತರಗತಿಯಲ್ಲಿ ಆ ಪದದಿಂದ ಜೀವನವಿಡೀ ಕರೆಸಿಕೊಂಡ ಸಮುದಾಯದ ವಿದ್ಯಾರ್ಥಿ ಒಬ್ಬನೇ ಕುಳಿತಿದ್ದಾಗ ಈ ವ್ಯತ್ಯಾಸವನ್ನು ತಾನಾಗಿಯೇ ಸಿದ್ಧವೆಂದು ಭಾವಿಸಲಾಗದು. ಅಧ್ಯಾಪಕರು ಅದನ್ನು ಬಾಯಿಬಿಟ್ಟು ಸ್ಥಾಪಿಸಬೇಕಾಗುತ್ತದೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ನಿಂದೆಯ ಹಾನಿ ಪದದಲ್ಲಿಲ್ಲ. ಆಡುವವರು, ಕೇಳುವವರು, ಸ್ಥಳ, ಇತಿಹಾಸಗಳ ಸಂಬಂಧದಲ್ಲಿದೆ. ಎರಡನೆಯದಾಗಿ, ಆ ಹಾನಿ ನಿಜವೆಂಬ ಮಾತ್ರಕ್ಕೆ ಮಾತನ್ನು ನಿಯಂತ್ರಿಸುವ ವಿಶಾಲ ಅಧಿಕಾರವನ್ನು ಪ್ರಭುತ್ವಕ್ಕೆ ಒಪ್ಪಿಸುವುದು ಕ್ಷೇಮಕರವಲ್ಲ. ಮೈಕೇಲ್ ಎಕ್ಸ್ ಪ್ರಕರಣವೂ ಮುರುಗನ್ ಪ್ರಕರಣವೂ ಅದರ ಅಪಾಯವನ್ನು ತೋರಿಸಿವೆ. ದುರ್ಬಲರನ್ನು ಗುರಿಯಾಗಿಸಿದ ಬೆದರಿಕೆ ಮತ್ತು ಅವಮಾನಗಳನ್ನು ಖಚಿತವಾಗಿ ಹೆಸರಿಸುವ ಕಿರಿದಾದ ಕಾನೂನು, ವ್ಯವಸ್ಥೆಯನ್ನು ಟೀಕಿಸುವ ಮಾತಿಗೆ ವಿಶಾಲವಾದ ರಕ್ಷಣೆ, ಇವೆರಡೂ ಒಟ್ಟಿಗೆ ಇರಬೇಕು. ಮೂರನೆಯದಾಗಿ, ನಿಯಮವಿಲ್ಲದ ಮಾತ್ರಕ್ಕೆ ಚರ್ಚೆಯು ಮುಕ್ತವಾಗುವುದಿಲ್ಲ. ಉತ್ತರಿಸಿದವನು ಮನೆ, ಕೆಲಸ, ಜೀವಗಳನ್ನು ಪಣಕ್ಕಿಡಬೇಕಾಗಿರುವ ಕಡೆ ಚರ್ಚೆಯೆಂಬುದು ಒಂದೇ ಪಕ್ಷದ ಭಾಷಣವಾಗಿರುತ್ತದೆ.

ಕನ್ನಡ ಅಧ್ಯಯನ ವಿಭಾಗಗಳ ಮಟ್ಟಿಗೆ ಇದು ದೂರದ ವಿಷಯವಲ್ಲ. ಗಾದೆಗಳ ಸಂಕಲನಗಳಲ್ಲಿ ಜಾತಿನಿಂದೆಯ ಗಾದೆಗಳು ಜನಪದರ ಅನುಭವವಾಣಿಯೆಂಬ ಒಂದೇ ಹಣೆಪಟ್ಟಿಯಡಿ ಅಚ್ಚಾಗುತ್ತ ಬಂದಿವೆ. ಅವುಗಳನ್ನು ತೆಗೆದುಹಾಕಿದರೆ ಸಾಕ್ಷ್ಯ ನಾಶವಾಗುತ್ತದೆ. ಟಿಪ್ಪಣಿಯಿಲ್ಲದೆ ಅಚ್ಚುಹಾಕಿದರೆ ನಿಂದೆ ಮುಂದುವರಿಯುತ್ತದೆ. ಯಾರ ಬಾಯಲ್ಲಿ, ಯಾರನ್ನು ಕುರಿತು ಹುಟ್ಟಿದ ಗಾದೆಯೆಂಬುದನ್ನು ದಾಖಲಿಸುವುದೇ ಶಾಸ್ತ್ರೀಯವಾದ ಕ್ರಮ. ನಿಘಂಟುಕಾರರು ಪದಮೂಲದೊಡನೆ ಬಳಕೆಯ ಹಿಂಸೆಯನ್ನೂ ಗುರುತಿಸಬೇಕು. ಗ್ರಂಥಸಂಪಾದಕರು ಪಾಠವನ್ನು ತಿದ್ದದೆ, ವಿವರಣೆಯನ್ನು ಬಿಡದೆ ಮುಂದುವರಿಯಬೇಕು. ವಿಚಾರಸಂಕಿರಣಗಳಲ್ಲಿ ಜಾತಿಯನ್ನು ಕುರಿತ ಪ್ರಬಂಧಗಳಿಗೆ ಆ ಜಾತಿಯ ವಿದ್ವಾಂಸರು ಪ್ರತಿಕ್ರಿಯಿಸುವ ಅವಕಾಶ ಔಪಚಾರಿಕವಾಗಿ ಉಳಿಯದೆ, ಕಾರ್ಯಕ್ರಮದ ಅಂಗವಾಗಿರಬೇಕು. 'ಫ್ರೀ ಸ್ಪೀಚ್' ಎಂಬ ಹೆಸರಿನ ಪತ್ರಿಕೆಯನ್ನು ಮೆಂಫಿಸ್ ಉಳಿಸಿಕೊಳ್ಳಲಿಲ್ಲ. ವಾಕ್ ಸ್ವಾತಂತ್ರ್ಯವನ್ನು ಘೋಷಿಸುವುದಕ್ಕಿಂತ ಅದನ್ನು ಬಳಸಿದವರ ಬೆನ್ನಿಗೆ ನಿಲ್ಲುವುದು ಕಠಿಣವಾದ ಕೆಲಸವೆಂಬುದನ್ನು ಆ ಇತಿಹಾಸ ಕಲಿಸುತ್ತದೆ.